ಮೊದಲ ಟ್ರಯಥ್ಲಾನ್: ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ತಡವರಿಸದೆ ದಾಟುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಕಡಲತೀರದಲ್ಲಿ ನಡೆಯುವ ಒಂದು ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ನೋಂದಾಯಿಸಿದ್ದೇನೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಮೂರನ್ನೂ ಬಿಡಿಬಿಡಿಯಾಗಿ ಮುಗಿಸಬಲ್ಲೆ ಎಂಬ ಧೈರ್ಯ ಈಗ ಬಂದಿದೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಎರಡು ಘಟ್ಟಗಳನ್ನು, ಅಂದರೆ ಟಿ-1, ಟಿ-2 ಎಂದು ಕರೆಯುವ ಟ್ರಾನ್ಸಿಷನ್‌ಗಳನ್ನು ನೆನೆದರೆ ಗಾಬರಿಯಾಗುತ್ತದೆ.

ನನ್ನ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸಿದರೆ ಉತ್ತರಿಸುವವರಿಗೆ ಅನುಕೂಲವಾದೀತು. ನಾನು ಈಜು ಕಲಿತದ್ದು ಕೊಳದಲ್ಲಿ. ಮರಳಿನ ಮೇಲೆ ಓಡಿ ಬಂದು ಸೈಕಲ್ ಹತ್ತುವ ಅಭ್ಯಾಸವೇ ಇಲ್ಲ. ನನ್ನದು ಸಾಧಾರಣ ಪೆಡಲ್ ಇರುವ ಹೈಬ್ರಿಡ್ ಸೈಕಲ್. ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಶೂ ಕೊಳ್ಳಲೇಬೇಕೆಂದು ಗೆಳತಿಯೊಬ್ಬರು ಒತ್ತಾಯಿಸುತ್ತಿದ್ದಾರೆ. ಎಲ್ಲಕ್ಕಿಂತ ದೊಡ್ಡ ಚಿಂತೆ ನನ್ನ ಕಣ್ಣಿನದು. ಎರಡೂ ಕಣ್ಣಿಗೆ ಮೈನಸ್ 5ರ ಆಸುಪಾಸಿನ ಪವರ್ ಇದೆ. ಕನ್ನಡಕವಿಲ್ಲದಿದ್ದರೆ ಸಾಲಾಗಿ ನಿಂತ ಸೈಕಲ್‌ಗಳ ನಡುವೆ ನನ್ನದನ್ನು ಗುರುತಿಸುವುದು ಅಸಾಧ್ಯ. ಬಟ್ಟೆಯ ವಿಷಯವೂ ಇತ್ಯರ್ಥವಾಗಿಲ್ಲ. ಈಜುಡುಗೆಯಲ್ಲೇ ಸೈಕಲ್ ಹತ್ತಲು ನನಗೆ ಮುಜುಗರ, ಒದ್ದೆ ಮೈಮೇಲೆ ಬೇರೆ ಬಟ್ಟೆ ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿದೀತೋ ತಿಳಿಯದು.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಅರ್ಧದಷ್ಟು ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿಯಾದ ರಬ್ಬರ್ ಉಡುಪು) ಬಿಚ್ಚುವ ಬಗೆಗೇ ಇವೆ. ಉಳಿದವು ಓಡುತ್ತಲೇ ಸೈಕಲ್ ಮೇಲೆ ಹಾರಿ ಕೂರುವ ಬಗ್ಗೆ. ಇವೆರಡೂ ನನಗೆ ಸಂಬಂಧಿಸಿದಂತೆ ಕಾಣುತ್ತಿಲ್ಲ. ನಾನು ಪದಕಕ್ಕಾಗಿ ಹೋಗುತ್ತಿಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು. ಹಾಗಿರುವಾಗ ಟ್ರಾನ್ಸಿಷನ್‌ಗೆಂದೇ ಅಭ್ಯಾಸ ಮಾಡುವ ಅಗತ್ಯವಿದೆಯೇ? ಇದ್ದರೆ ಯಾವುದನ್ನು, ಯಾವ ಕ್ರಮದಲ್ಲಿ ಮಾಡಬೇಕು?

ಮೊದಲ ಪ್ರತಿಕ್ರಿಯೆ (ಮಂಗಳೂರಿನಿಂದ)

ನಮಸ್ಕಾರ ಮೇಡಂ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅಭ್ಯಾಸ ಖಂಡಿತ ಬೇಕು, ಆದರೆ ಅದು ಕೈಗಳ ವೇಗ ಹೆಚ್ಚಿಸಲು ಅಲ್ಲ. ನೀರಿನಿಂದ ಎದ್ದು ಬಂದ ಹೊತ್ತಿನಲ್ಲಿ ಉಸಿರು ಮೇಲೆ ಕೆಳಗಾಗುತ್ತಿರುತ್ತದೆ, ಕಿವಿಯಲ್ಲಿ ನೀರಿರುತ್ತದೆ, ಬೆರಳುಗಳು ಒದ್ದೆಯಾಗಿರುತ್ತವೆ, ಸುತ್ತಲಿನವರು ಓಡುತ್ತಿರುತ್ತಾರೆ. ಅಂಥ ಸ್ಥಿತಿಯಲ್ಲಿ ಯಾವುದನ್ನೂ ಹೊಸದಾಗಿ ಯೋಚಿಸಿ ತೀರ್ಮಾನಿಸುವಂತೆ ಆಗಬಾರದು ಎಂಬುದಕ್ಕಾಗಿ ಅಭ್ಯಾಸ. ಪೂಜೆಗೆ ಕೂರುವ ಮುನ್ನ ಹೂವು, ಕರ್ಪೂರ, ಬೆಂಕಿಪೊಟ್ಟಣ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿಕೊಳ್ಳುವ ಹಾಗೆಯೇ ಇದು. ಸಮಯ ಉಳಿಸಲು ನನಗೆ ತಿಳಿದಿರುವ ಒಳ್ಳೆಯ ಉಪಾಯವೆಂದರೆ ಮಾಡಬೇಕಾದ ಕೆಲಸಗಳ ಸಂಖ್ಯೆಯನ್ನೇ ಇಳಿಸಿಬಿಡುವುದು. ಅಲ್ಲಿ ಇಟ್ಟ ಪ್ರತಿಯೊಂದು ವಸ್ತುವಿನ ಬಗ್ಗೆಯೂ “ಇದಿಲ್ಲದೆ ಆಗುವುದಿಲ್ಲವೇ?” ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಆಗುತ್ತದೆ ಎನಿಸಿದ್ದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ವೆಟ್‌ಸೂಟ್ ವಿಚಾರದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ವರ್ಲ್ಡ್ ಟ್ರಯಥ್ಲಾನ್ ಸಂಸ್ಥೆಯ ನಿಯಮದಂತೆ 1500 ಮೀಟರ್‌ವರೆಗಿನ ಈಜಿನಲ್ಲಿ ನೀರಿನ ತಾಪಮಾನ 22 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಯೋವರ್ಗದ ಸ್ಪರ್ಧಿಗಳು, ಅಂದರೆ ನಮ್ಮಂಥ ಹವ್ಯಾಸಿಗಳು, ವೆಟ್‌ಸೂಟ್ ತೊಡುವಂತಿಲ್ಲ. ನಮ್ಮ ಅರಬ್ಬಿ ಸಮುದ್ರದ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಆದ್ದರಿಂದ ಆ ಸಲಹೆಗಳನ್ನೆಲ್ಲ ಪಕ್ಕಕ್ಕಿಡಿ. ಅವುಗಳಲ್ಲಿ ಅಷ್ಟಾಗಿ ಕಾಣದ ತೊಂದರೆಯೊಂದು ನಮಗಿದೆ, ಅದು ಮರಳು. ಒದ್ದೆ ಪಾದಕ್ಕೆ ಅಂಟಿದ ಮರಳು ಕಾಲುಚೀಲದೊಳಗೆ ಸೇರಿಕೊಂಡರೆ 20 ಕಿಲೋಮೀಟರ್ ಸೈಕಲ್ ತುಳಿಯುವಾಗ ಅಷ್ಟಾಗಿ ತಿಳಿಯದಿದ್ದರೂ ಓಟದ ಎರಡನೆಯ ಕಿಲೋಮೀಟರ್‌ನಲ್ಲಿ ಬೊಬ್ಬೆ ಏಳಿಸುತ್ತದೆ. ಒಂದು ಲೀಟರ್ ನೀರಿನ ಬಾಟಲಿಯನ್ನೂ ಒಂದು ಚಿಕ್ಕ ಒರಟು ಟವೆಲ್ಲನ್ನೂ ಸೈಕಲ್ಲಿನ ಪಕ್ಕದಲ್ಲಿ ಇಟ್ಟುಕೊಳ್ಳಿ. ಟವೆಲ್ಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ನಿಂತು, ಪಾದಕ್ಕೆ ನೀರು ಸುರಿದು, ಪಾದವನ್ನು ಟವೆಲ್ಲಿಗೇ ಉಜ್ಜಿದರೆ ಬಗ್ಗಿ ಒರೆಸುವ ಕೆಲಸ ಬಹುಪಾಲು ತಪ್ಪುತ್ತದೆ. ಬೆರಳ ಸಂದಿಗಳನ್ನು ಮಾತ್ರ ಮರೆಯಬೇಡಿ. ಕಾಲುಚೀಲದ ಒಳಗೆ ಹಿಂದಿನ ರಾತ್ರಿಯೇ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಬಾಯಿಯ ಕಡೆಯಿಂದ ಬೆರಳ ತುದಿಯವರೆಗೆ ಸುರುಳಿ ಸುತ್ತಿ ಶೂವಿನೊಳಗೆ ಇಟ್ಟರೆ ಒದ್ದೆ ಕಾಲಿಗೂ ಸುಲಭವಾಗಿ ಏರುತ್ತದೆ.

ಈಗ ಕಣ್ಣಿನ ವಿಚಾರ. ನನ್ನದೂ ಹೆಚ್ಚುಕಡಿಮೆ ನಿಮ್ಮಷ್ಟೇ ಪವರ್ ಇರುವ ಕಣ್ಣು, ಹಾಗಾಗಿ ಇದರ ಬಗ್ಗೆ ತುಸು ವಿಸ್ತಾರವಾಗಿ ಬರೆಯುವ ಅಧಿಕಾರ ನನಗಿದೆ ಎಂದುಕೊಳ್ಳುತ್ತೇನೆ. ಮೈನಸ್ ಪವರ್ ಇರುವ ಈಜು ಕನ್ನಡಕಗಳು ಅರ್ಧರ್ಧ ಪವರ್‌ನ ಅಂತರದಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಅವು ಸಿಲಿಂಡರ್ ಪವರ್ ಸರಿಪಡಿಸುವುದಿಲ್ಲ, ಆದರೂ ದೂರದ ತೇಲುಗುರುತು ಕಾಣಲು ಮತ್ತು ಸೈಕಲ್ ನಿಲ್ಲಿಸುವ ರ‍್ಯಾಕ್‌ನ ಸಂಖ್ಯೆ ಓದಲು ಧಾರಾಳವಾಗಿ ಸಾಕು. ನೀರಿನಿಂದ ಹೊರಬಂದವರೆಲ್ಲ ಗಾಗಲ್ಸನ್ನು ಕೂಡಲೇ ಹಣೆಗೇರಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಟೋಪಿಯನ್ನು ಬೇಕಾದರೆ ತೆಗೆಯಿರಿ, ಗಾಗಲ್ಸ್ ಮಾತ್ರ ನಿಮ್ಮ ಸೈಕಲ್ ಮುಟ್ಟುವವರೆಗೂ ಕಣ್ಣಿನ ಮೇಲೆಯೇ ಇರಲಿ. ಟೋಪಿಯನ್ನು ಗಾಗಲ್ಸಿನ ಪಟ್ಟಿಯ ಮೇಲೆ ಹಾಕಿಕೊಂಡಿದ್ದರೆ ಪಟ್ಟಿ ಅಲುಗಾಡದಂತೆ ತೆಗೆಯುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಬೇಕು. ಪಟ್ಟಿಯನ್ನೇ ಟೋಪಿಯ ಮೇಲೆ ಹಾಕುವವರಾದರೆ ಟೋಪಿಯೂ ಅಲ್ಲಿಯವರೆಗೆ ತಲೆಯ ಮೇಲೇ ಇರಲಿ. ಸೈಕಲ್ ಬಳಿ ನಿಂತ ಮೇಲೆ ಗಾಗಲ್ಸ್ ಕೆಳಗೆ, ಕನ್ನಡಕ ಕಣ್ಣಿಗೆ. ಈ ಎರಡರ ನಡುವೆ ಬೇರೆ ಯಾವ ಕೆಲಸವೂ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಈಜುವವರೂ ಇದ್ದಾರೆ, ಆದರೆ ನೀರಿನಲ್ಲಿ ಲೆನ್ಸ್ ಧರಿಸಿದರೆ ಕಣ್ಣಿಗೆ ಸೋಂಕು ತಗಲುವ ಅಪಾಯವಿರುವುದರಿಂದ ನೇತ್ರವೈದ್ಯರು ಅದನ್ನು ಒಪ್ಪುವುದಿಲ್ಲ.

ಹೆಲ್ಮೆಟ್ ಅನ್ನು ಹ್ಯಾಂಡಲ್‌ನ ಮೇಲೆ ತಲೆಕೆಳಗಾಗಿ, ಒಳಭಾಗ ಆಕಾಶಕ್ಕೆ ಕಾಣುವಂತೆ, ಪಟ್ಟಿಗಳು ಎರಡೂ ಕಡೆಗೆ ಇಳಿಬಿದ್ದಿರುವಂತೆ ಇಡಿ. ಕನ್ನಡಕ ಅದರೊಳಗೆ, ಕಡ್ಡಿಗಳು ತೆರೆದೇ ಇರಲಿ. ಕನ್ನಡಕವಿರುವವರು ಮೊದಲು ಕನ್ನಡಕ, ಆಮೇಲೆ ಹೆಲ್ಮೆಟ್ ಹಾಕಿಕೊಳ್ಳುವುದೇ ಸರಿ. ಕಡ್ಡಿ ಪಟ್ಟಿಯ ಒಳಗೆ ಬರುತ್ತದೋ ಹೊರಗೆ ಬರುತ್ತದೋ ಎಂಬುದನ್ನು ಮನೆಯಲ್ಲೇ ನೋಡಿಕೊಂಡಿರಿ. ನಂತರ ಕಾಲು ತೊಳೆದು ಶೂ. ಸೈಕಲ್ಲಿನ ಗೇರ್ ಮೊದಲೇ ಹಗುರವಾಗಿರಲಿ, ಏಕೆಂದರೆ ನಿಂತಲ್ಲಿಂದ ಹೊರಡುವಾಗ ಭಾರದ ಗೇರ್ ಇದ್ದರೆ ಸೈಕಲ್ ಓಲಾಡಿ ಪಕ್ಕದವರಿಗೂ ತೊಂದರೆ.

ಬಟ್ಟೆಗೆ ಪರಿಹಾರ ಸುಲಭ. ತೋಳಿರುವ, ತೊಡೆಯ ಅರ್ಧದವರೆಗೆ ಬರುವ ಟ್ರೈಸೂಟ್ ಒಂದನ್ನು ತೊಟ್ಟು ಅದರಲ್ಲೇ ಈಜಿ, ಅದರಲ್ಲೇ ಸೈಕಲ್ ತುಳಿದು, ಅದರಲ್ಲೇ ಓಡಬಹುದು. ಮೊಣಕಾಲಿನವರೆಗೆ ಅಥವಾ ಪಾದದವರೆಗೆ ಬರುವ ಬಿಗಿಯಾದ ಟೈಟ್ಸ್ ಬೇಕೆನಿಸಿದರೆ ಆಯೋಜಕರನ್ನು ಮೊದಲೇ ಕೇಳಿ. ಒದ್ದೆ ಮೈಗೆ ಟಿ-ಶರ್ಟ್ ಹಾಕುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಅದು ಬೆನ್ನಿನ ಮೇಲೆ ಸುರುಳಿಯಾಗಿ ಸಿಕ್ಕಿಕೊಂಡರೆ ಹಿಂದಿನಿಂದ ಯಾರಾದರೂ ಎಳೆಯದ ಹೊರತು ಇಳಿಯುವುದಿಲ್ಲ, ಎಳೆಯಲು ಅಲ್ಲಿ ಯಾರಿಗೂ ಅನುಮತಿಯಿಲ್ಲ.

ಎರಡನೆಯ ಪ್ರತಿಕ್ರಿಯೆ (ಬೆಂಗಳೂರಿನಿಂದ)

ಮೇಲಿನವರು ವಿವರವಾಗಿ ಬರೆದಿರುವುದರಿಂದ ನಾನು ನಿಯಮಗಳಿಗಷ್ಟೇ ಸೀಮಿತನಾಗುತ್ತೇನೆ. ಸ್ಪರ್ಧೆಗಳ ಟ್ರಾನ್ಸಿಷನ್ ಆವರಣದಲ್ಲಿ ಸ್ವಯಂಸೇವಕನಾಗಿ ನಿಂತು ನೋಡಿರುವ ನನಗೆ ಅನಿಸುವುದೇನೆಂದರೆ, ಹೊಸಬರು ಅಲ್ಲಿ ನಿಧಾನವಾಗಿರುವುದರಿಂದ ಕಳೆದುಕೊಳ್ಳುವ ಸಮಯ ಕಡಿಮೆ. ನಿಯಮ ತಿಳಿಯದೆ ತಡೆಸಿಕೊಂಡು ಕಳೆದುಕೊಳ್ಳುವುದೇ ಹೆಚ್ಚು.

ಮುಖ್ಯವಾದದ್ದು ಹೆಲ್ಮೆಟ್ಟಿನ ನಿಯಮ. ರ‍್ಯಾಕ್‌ನಿಂದ ಸೈಕಲ್ ತೆಗೆಯುವ ಮೊದಲು ಹೆಲ್ಮೆಟ್ ತಲೆಯ ಮೇಲಿದ್ದು ಬಕಲ್ ಕೂಡ ಹಾಕಿರಬೇಕು. ಹಿಂದಿರುಗಿ ಬಂದಾಗ ಸೈಕಲ್ ರ‍್ಯಾಕ್‌ನಲ್ಲಿ ನಿಂತ ಮೇಲಷ್ಟೇ ಬಕಲ್ ಬಿಚ್ಚಬಹುದು. ಸೈಕಲ್ ತಳ್ಳಿಕೊಂಡು ಬರುವಾಗಲೇ ಬಕಲ್ ತೆಗೆಯುವುದು ಅನೇಕರ ಕೈಗಳಿಗೆ ಅಂಟಿದ ರೂಢಿ, ಏಕೆಂದರೆ ದಿನವೂ ಮನೆಯ ಗೇಟಿನ ಬಳಿ ನಾವು ಮಾಡುವುದು ಅದನ್ನೇ. ಇಂದಿನಿಂದಲೇ ಸೈಕಲ್ ನಿಲ್ಲಿಸಿದ ಮೇಲೆ ಹೆಲ್ಮೆಟ್ ತೆಗೆಯುವ ಪದ್ಧತಿ ಇಟ್ಟುಕೊಳ್ಳಿ.

ಎರಡನೆಯದು ಗೆರೆಗಳು. ಆವರಣದೊಳಗೆ ಯಾರೂ ಸೈಕಲ್ ಹತ್ತುವಂತಿಲ್ಲ, ತಳ್ಳಿಕೊಂಡೇ ಹೋಗಬೇಕು. ಹತ್ತುವ ಗೆರೆಯನ್ನು ದಾಟಿದ ಮೇಲೆ ಹತ್ತಬೇಕು, ಇಳಿಯುವ ಗೆರೆಗೆ ಮುಂಚೆಯೇ ಇಳಿಯಬೇಕು. ಇದು ದೊಡ್ಡವರಿಗೂ ತಪ್ಪಿದ್ದಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಬ್ರೌನ್ಲಿ ಗೆರೆಗೆ ಮುಂಚೆ ಸೈಕಲ್ ಹತ್ತಿದ್ದಕ್ಕೆ 15 ಸೆಕೆಂಡುಗಳ ದಂಡ ತೆತ್ತರು. ಓಟದ ನಡುವೆ ದಂಡದ ಜಾಗದಲ್ಲಿ ನಿಂತು, ಮತ್ತೆ ಓಡಿ, ಕಂಚು ಗೆದ್ದರು. ಅದೇ ಕೂಟದ ಮಹಿಳೆಯರ ಸ್ಪರ್ಧೆಯಲ್ಲಿ ನಿಕೋಲಾ ಸ್ಪಿರಿಗ್ ಮತ್ತು ಲೀಸಾ ನೊರ್ಡೆನ್ ಇಬ್ಬರ ಹೆಸರಿನ ಮುಂದೆಯೂ 1 ಗಂಟೆ 59 ನಿಮಿಷ 48 ಸೆಕೆಂಡ್ ಎಂದೇ ದಾಖಲಾಗಿದ್ದು, ಚಿನ್ನ ಯಾರಿಗೆಂಬುದನ್ನು ಛಾಯಾಚಿತ್ರ ನೋಡಿ ನಿರ್ಧರಿಸಬೇಕಾಯಿತು. ಟ್ರಾನ್ಸಿಷನ್ನಿನಲ್ಲಿ ಕಳೆದ ಸಮಯವೂ ಒಟ್ಟು ಸಮಯಕ್ಕೇ ಸೇರುತ್ತದೆ ಎಂಬುದನ್ನು ಇಂಥ ಫಲಿತಾಂಶಗಳು ಚೆನ್ನಾಗಿ ನೆನಪಿಸುತ್ತವೆ.

ಜಾಗ ಗುರುತಿಸಲು ಬಲೂನು, ಬಾವುಟ, ರಿಬ್ಬನ್ ಕಟ್ಟುವವರಿದ್ದಾರೆ. ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ ಗುರುತಿಗೆಂದು ಏನನ್ನೂ ಕಟ್ಟುವಂತಿಲ್ಲ, ಅಧಿಕಾರಿಗಳು ಅದನ್ನು ತೆಗೆದುಹಾಕಬಹುದು. ಅದರ ಬದಲು ಬೆಳಿಗ್ಗೆ ಸೈಕಲ್ ಇಟ್ಟ ಮೇಲೆ ಈಜಿನಿಂದ ಒಳಬರುವ ದ್ವಾರದ ಬಳಿ ಹೋಗಿ ನಿಂತು, ಅಲ್ಲಿಂದ ನಿಮ್ಮ ಸಾಲಿನವರೆಗೆ ಎಷ್ಟು ಸಾಲು ದಾಟಬೇಕೆಂದು ಎಣಿಸುತ್ತ ನಡೆಯಿರಿ. ಸೈಕಲ್ಲಿನೊಡನೆ ಹೊರಹೋಗುವ ದ್ವಾರ, ಮರಳಿ ಬರುವ ದ್ವಾರ, ಓಟಕ್ಕೆ ಹೊರಡುವ ದ್ವಾರ, ಇವೆಲ್ಲವನ್ನೂ ಹಾಗೆಯೇ ಒಮ್ಮೆ ನಡೆದು ನೋಡಿ. ಗುರುತಿಗೆ ವಿದ್ಯುತ್ ಕಂಬ, ಮರ, ಶಾಮಿಯಾನದಂಥ ಕದಲದ ವಸ್ತುವನ್ನೇ ಆರಿಸಿಕೊಳ್ಳಿ. ಪಕ್ಕದವರ ಕೆಂಪು ಸೈಕಲ್ಲನ್ನು ಗುರುತಿಟ್ಟುಕೊಂಡರೆ ನೀವು ಬರುವಷ್ಟರಲ್ಲಿ ಅದು ಅಲ್ಲಿ ಇರುವುದಿಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳಿವೆ. ಹ್ಯಾಂಡಲ್‌ನ ಎರಡೂ ತುದಿಗಳ ಮುಚ್ಚಳ ಇಲ್ಲದಿದ್ದರೆ ತಪಾಸಣೆಯಲ್ಲಿ ಸೈಕಲ್ಲನ್ನು ಒಳಗೆ ಬಿಡುವುದಿಲ್ಲ, ಹಳೆಯ ಹೈಬ್ರಿಡ್ ಸೈಕಲ್‌ಗಳಲ್ಲಿ ಇವು ಉದುರಿ ಹೋಗಿರುವುದು ಸಾಮಾನ್ಯ. ಸಮಯ ಅಳೆಯುವ ಚಿಪ್ಪನ್ನು ಎಡಗಾಲಿಗೆ ಕಟ್ಟಿ, ಬಲಗಡೆ ಚೈನ್ ಇರುತ್ತದೆ. ನಂಬರನ್ನು ಇಲಾಸ್ಟಿಕ್ ಬೆಲ್ಟಿಗೆ ಸಿಕ್ಕಿಸಿಟ್ಟರೆ ಸೈಕಲ್ ಮೇಲೆ ಬೆನ್ನಿಗೆ, ಓಟದಲ್ಲಿ ಹೊಟ್ಟೆಯ ಮುಂದಕ್ಕೆ ತಿರುಗಿಸಿಕೊಳ್ಳಬಹುದು. ನಿಮ್ಮ ವಸ್ತುಗಳನ್ನೆಲ್ಲ ನಿಮಗೆ ಕೊಟ್ಟ ಜಾಗದಲ್ಲೇ ಇಡಬೇಕು. ಗಾಗಲ್ಸನ್ನು ದಾರಿಯಲ್ಲಿ ಎಸೆದು ಹೋಗುವುದಕ್ಕೂ ದಂಡವಿದೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಕೃತಜ್ಞತೆಗಳು. ಗಾಗಲ್ಸನ್ನು ಸೈಕಲ್‌ವರೆಗೂ ತೆಗೆಯದಿರುವ ಉಪಾಯ ನನಗೆ ಹೊಳೆದೇ ಇರಲಿಲ್ಲ. ಪವರ್ ಇರುವ ಜೋಡಿಯೊಂದನ್ನು ಹುಡುಕುತ್ತೇನೆ.

ಇನ್ನೂ ಮೂರು ಸಂಶಯಗಳು ಉಳಿದಿವೆ. ನನ್ನ ತಂಗಿ ಸ್ಪರ್ಧೆ ನೋಡಲು ಬರುತ್ತಿದ್ದಾಳೆ. ಅವಳು ಬೇಲಿಯ ಆಚೆಯಿಂದ ನನಗೊಂದು ಕನ್ನಡಕವನ್ನೋ ನೀರಿನ ಬಾಟಲಿಯನ್ನೋ ಕೊಟ್ಟರೆ ತಪ್ಪಾಗುತ್ತದೆಯೇ? ಎರಡನೆಯದಾಗಿ, ಸೈಕಲ್ಲಿನಿಂದ ಇಳಿದ ಕೂಡಲೇ ಕಾಲುಗಳು ನನ್ನವೇ ಅಲ್ಲವೆಂಬಂತೆ ಭಾರವಾಗುತ್ತವೆ ಎಂದು ಎಲ್ಲರೂ ಹೆದರಿಸುತ್ತಾರೆ. ಅದಕ್ಕೆ ಮದ್ದಿದೆಯೇ? ಮೂರನೆಯದು ಅಭ್ಯಾಸದ ಜಾಗ. ನಾನಿರುವುದು ಅಪಾರ್ಟ್‌ಮೆಂಟಿನಲ್ಲಿ, ಹತ್ತಿರದಲ್ಲಿ ಸಮುದ್ರವಿಲ್ಲ. ಕೊಳದವರು ಸೈಕಲ್ಲನ್ನು ಒಳಗೆ ಬಿಡುವುದಿಲ್ಲ. ಇವೆಲ್ಲದರ ನಡುವೆ ಟ್ರಾನ್ಸಿಷನ್ನನ್ನು ಅಭ್ಯಾಸ ಮಾಡುವುದಾದರೂ ಎಲ್ಲಿ?

ಮೂರನೆಯ ಪ್ರತಿಕ್ರಿಯೆ (ಹುಬ್ಬಳ್ಳಿಯಿಂದ)

ನಿಮ್ಮ ತಂಗಿ ಕೂಗಿ ಹುರಿದುಂಬಿಸಬಹುದು, ಕೈಯಿಂದ ಏನನ್ನೂ ಕೊಡುವಂತಿಲ್ಲ. ಆಯೋಜಕರೂ ಅಧಿಕಾರಿಗಳೂ ನೀಡುವುದನ್ನು ಬಿಟ್ಟು ಹೊರಗಿನವರ ನೆರವು ಪಡೆದರೆ ಅನರ್ಹರಾಗುವ ಸಂಭವವಿದೆ. ಇನ್ನೊಂದು ಜೊತೆ ಕನ್ನಡಕವಿದ್ದರೆ ಅದನ್ನು ತಂಗಿಯ ಕೈಗೆ ಕೊಡುವ ಬದಲು ಓಟದ ಟೋಪಿಯೊಳಗೆ ಇಟ್ಟುಬಿಡಿ, ಮೊದಲನೆಯದು ಬಿದ್ದು ಮುರಿದರೂ ಅದು ನಿಮ್ಮ ಜಾಗದಲ್ಲೇ ಇರುತ್ತದೆ.

ಅಭ್ಯಾಸಕ್ಕೆ ಸಮುದ್ರವೂ ಬೇಡ, ಕೊಳವೂ ಬೇಡ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಬೆಳಗಿನ ಜಾವ ಖಾಲಿ ಇರುತ್ತದೆ. ಗೋಡೆಗೆ ಸೈಕಲ್ ಒರಗಿಸಿ, ಪಕ್ಕದಲ್ಲಿ ಟವೆಲ್ ಹಾಸಿ, ಸ್ಪರ್ಧೆಯ ದಿನ ಇಡುವ ವಸ್ತುಗಳನ್ನಷ್ಟೇ ಇಡಿ. ಟ್ರೈಸೂಟ್ ತೊಟ್ಟು, ಮೈಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು, ಗಾಗಲ್ಸ್ ಹಾಕಿಯೇ ಎರಡು ಮಹಡಿಯ ಮೆಟ್ಟಿಲನ್ನು ಬಿರುಸಾಗಿ ಹತ್ತಿ ಇಳಿದು ಬನ್ನಿ. ಒದ್ದೆ ಕಾಲಿಗೆ ಮೆಟ್ಟಿಲು ಜಾರುವಂತಿದ್ದರೆ ನಿಂತಲ್ಲೇ ಮೊಣಕಾಲು ಎತ್ತಿ ಓಡಿದರೂ ಸಾಕು. ಎದೆ ಬಡಿತ ಏರಿರಬೇಕು, ಕೈ ಒದ್ದೆಯಾಗಿರಬೇಕು, ಇವೆರಡು ಇಲ್ಲದ ಅಭ್ಯಾಸ ನಿಜವಾದ ಅಭ್ಯಾಸವಲ್ಲ. ಮೊದಲ ಕೆಲವು ಬಾರಿ ಗಡಿಯಾರ ನೋಡಬೇಡಿ. “ಗಾಗಲ್ಸ್, ಕನ್ನಡಕ, ಹೆಲ್ಮೆಟ್, ಬಕಲ್, ಕಾಲು, ಶೂ, ಬೆಲ್ಟ್, ಸೈಕಲ್” ಎಂದು ಬಾಯಿಬಿಟ್ಟು ಹೇಳುತ್ತ ಒಂದೊಂದನ್ನೇ ಮಾಡಿ. ನೆರೆಹೊರೆಯವರು ವಿಚಿತ್ರವಾಗಿ ನೋಡಿಯಾರು, ನೋಡಲಿ. ಕ್ರಮ ಬಾಯಿಪಾಠವಾದ ಮೇಲೆ ಸ್ಟಾಪ್‌ವಾಚ್ ಇಟ್ಟುಕೊಂಡರೆ ಎಲ್ಲಿ ತಡವಾಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಬಕಲ್ ಮತ್ತು ಕಾಲುಚೀಲ, ಈ ಎರಡರಲ್ಲಿ ಒಂದಿರುವುದೇ ಹೆಚ್ಚು. ಒದ್ದೆ ಬೆರಳಿಂದ ಹೆಲ್ಮೆಟ್ ಬಕಲ್ ಹಾಕುವುದನ್ನು ಕಣ್ಣು ಮುಚ್ಚಿಕೊಂಡೂ ಮಾಡುವಷ್ಟು ಸಲ ಮಾಡಿ.

ಇಲ್ಲಿ ಮಂಗಳೂರಿನವರೊಂದಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. 20 ಕಿಲೋಮೀಟರ್ ಸೈಕಲ್ಲಿಗೆ, 5 ಕಿಲೋಮೀಟರ್ ಓಟಕ್ಕೆ ಕಾಲುಚೀಲ ಬೇಕೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಓಡುವ ಶೂವಿನ ಹಿಮ್ಮಡಿ ಮತ್ತು ಬೆರಳ ಭಾಗಕ್ಕೆ ಒಳಗಡೆ ವ್ಯಾಸಲೀನ್ ಸವರಿ, ಕಾಲುಚೀಲವಿಲ್ಲದೆ 5 ಕಿಲೋಮೀಟರ್ ಓಡಿ ನೋಡಿ. ಪಾದ ಕೆಂಪಾಗದಿದ್ದರೆ ಕಾಲುಚೀಲವನ್ನು ಪಟ್ಟಿಯಿಂದ ತೆಗೆದೇಬಿಡಬಹುದು.

ಕ್ಲೀಟ್ ಶೂ ಈಗ ಕೊಳ್ಳಬೇಡಿ. ನಿಮ್ಮ ಗೆಳತಿ ಹೇಳುವುದರಲ್ಲಿ ಸತ್ಯವಿಲ್ಲವೆಂದಲ್ಲ, ಕ್ಲೀಟ್ ಇದ್ದರೆ ತುಳಿತದ ಬಲ ಪೋಲಾಗುವುದು ಕಡಿಮೆ. ಆದರೆ ಸ್ಪ್ರಿಂಟ್ ದೂರದಲ್ಲಿ ಅದರ ಲಾಭ ಅಷ್ಟಕ್ಕಷ್ಟೆ, ಮೊದಲ ಸ್ಪರ್ಧೆಗೆ ಮುನ್ನ ಅದನ್ನು ಕಲಿಯುವಾಗ ಬೀಳುವ ಸಂಭವ ಹೆಚ್ಚು. ಸಾಧಾರಣ ಪೆಡಲ್ ಮೇಲೆ ಓಟದ ಶೂ ಹಾಕಿಕೊಂಡೇ ತುಳಿದರೆ ನಿಮ್ಮ ಟಿ-2ರಲ್ಲಿ ಉಳಿಯುವ ಕೆಲಸಗಳು ಮೂರೇ: ಸೈಕಲ್ ನಿಲ್ಲಿಸುವುದು, ಹೆಲ್ಮೆಟ್ ತೆಗೆಯುವುದು, ಟೋಪಿ ಹಾಕಿಕೊಂಡು ಹೊರಡುವುದು. ಶೂವಿಗೆ ಗಂಟು ಹಾಕಬೇಕಾಗದ ಇಲಾಸ್ಟಿಕ್ ಲೇಸ್ ಹಾಕಿಸಿ, ಅದು ಕ್ಲೀಟ್ ಶೂವಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಸೈಕಲ್ ಮೇಲೆ ಹಾರಿ ಕೂರುವ ಕಸರತ್ತು ಪರಿಣತರಿಗೆ ಇರಲಿ. ನೀವು ಗೆರೆ ದಾಟಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ಗುಂಪಿನಿಂದ ಪಕ್ಕಕ್ಕೆ ಸರಿದು, ನಿಂತೇ ಹತ್ತಿ.

ಕಾಲಿನ ಭಾರದ ವಿಷಯವನ್ನು ಯಾರೂ ಉತ್ಪ್ರೇಕ್ಷಿಸಿಲ್ಲ, ಆದರೆ ಅದು ಹೆದರುವಂಥದ್ದೂ ಅಲ್ಲ. ಸೈಕಲ್ ತುಳಿಯುವಾಗ ಸೊಂಟ ಬಾಗಿರುತ್ತದೆ, ತೊಡೆಯ ಮುಂಭಾಗದ ಸ್ನಾಯುಗಳು ಒಂದೇ ಬಗೆಯ ಚಲನೆಗೆ ಒಗ್ಗಿರುತ್ತವೆ, ಮೈಯ ಭಾರವನ್ನು ಸೀಟು ಹೊತ್ತಿರುತ್ತದೆ. ಇಳಿದ ಕೂಡಲೇ ಅದೇ ಕಾಲುಗಳು ಇಡೀ ಮೈ ಹೊತ್ತು ಬೇರೆ ಲಯದಲ್ಲಿ ಚಲಿಸಬೇಕಾಗುತ್ತದೆ. ಕೊನೆಯ ಒಂದು ಕಿಲೋಮೀಟರ್‌ನಲ್ಲಿ ಗೇರನ್ನು ಹಗುರ ಮಾಡಿ, ಬಲ ತಗ್ಗಿಸಿ, ಪೆಡಲನ್ನು ಚುರುಕಾಗಿ ತಿರುಗಿಸಿದರೆ ಈ ಬದಲಾವಣೆ ಅಷ್ಟು ಒರಟಾಗಿ ತಟ್ಟುವುದಿಲ್ಲ. ನಿಜವಾದ ಮದ್ದು ಮಾತ್ರ ಬ್ರಿಕ್ ತಾಲೀಮು: ವಾರಕ್ಕೊಮ್ಮೆ ಸೈಕಲ್ ಸವಾರಿ ಮುಗಿಸಿ ಮನೆಗೆ ಬಂದಾಗ, ಕುಳಿತುಕೊಳ್ಳದೆ, ನೀರು ಕುಡಿಯಲೂ ಒಳಗೆ ಹೋಗದೆ, ಸೈಕಲ್ ನಿಲ್ಲಿಸಿ ಹತ್ತು ನಿಮಿಷ ಓಡಿ. ಹತ್ತೇ ನಿಮಿಷ ಸಾಕು, ಏಕೆಂದರೆ ನೀವು ಕಲಿಯಬೇಕಾದದ್ದು ಆ ಆರಂಭವನ್ನು. ಇನ್ನೊಂದು ಮಾತು. ಸೈಕಲ್ಲಿನ ವೇಗಕ್ಕೆ ಹೊಂದಿಕೊಂಡ ಕಣ್ಣಿಗೆ ಓಟ ಆಮೆಯ ನಡಿಗೆಯಂತೆ ಕಾಣುವುದರಿಂದ ಮೊದಲ ಕಿಲೋಮೀಟರನ್ನು ನಮ್ಮ ಶಕ್ತಿಗೆ ಮೀರಿ ಓಡಿಬಿಡುವ ಸಂಭವವಿದೆ. ಕಾಲು ಭಾರವಾಗಿದೆ ಎನಿಸುತ್ತಿರುವಾಗಲೇ ಗಡಿಯಾರ ಬೇರೆಯದನ್ನು ಹೇಳುತ್ತಿರುತ್ತದೆ. ಆಗ ಗಡಿಯಾರವನ್ನು ನಂಬಿ.

ನೀರಿನಿಂದ ಏಳುವಾಗಲೂ ಇಂಥದ್ದೇ ಒಂದು ಬದಲಾವಣೆಯಿದೆ. ಮಲಗಿದ ಭಂಗಿಯಲ್ಲಿ ಕೈಗಳಿಂದಲೇ ಹೆಚ್ಚು ಕೆಲಸ ಮಾಡುತ್ತಿದ್ದ ದೇಹ ಒಮ್ಮೆಲೇ ನೆಟ್ಟಗೆ ನಿಂತಾಗ ತಲೆ ತಿರುಗಿದಂತಾಗಬಹುದು. ದಡ ಇನ್ನೊಂದು ಐವತ್ತು ಮೀಟರ್ ಇದೆ ಎನ್ನುವಾಗ ಕಾಲಿನ ಬಡಿತ ಹೆಚ್ಚಿಸಿ, ನೀರು ತೊಡೆಯ ಮಟ್ಟಕ್ಕೆ ಬಂದಾಗ ಎದ್ದು, ಮೊದಲ ಹತ್ತು ಹೆಜ್ಜೆ ನಡೆದೇ ಹೋಗಿ. ಅಲ್ಲಿ ಓಡಿ ಉಳಿಸುವ ನಾಲ್ಕು ಸೆಕೆಂಡಿಗಾಗಿ ಮರಳಿನ ಮೇಲೆ ಮುಗ್ಗರಿಸಬೇಕಾಗಿಲ್ಲ.

ಪದಕದ ಆಸೆಯಿಲ್ಲದವರಿಗೂ ಇದೆಲ್ಲ ಏಕೆ ಬೇಕೆಂದು ನೀವು ಕೇಳಿದ್ದಿರಿ. ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟಕ್ಕೆ ಒಟ್ಟು ಗಡುವು 8 ಗಂಟೆ 30 ನಿಮಿಷ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ. ಅಂದರೆ ಗಡುವಿಗೆ ಉಳಿದದ್ದು ಎರಡೂವರೆ ನಿಮಿಷ. ಅಷ್ಟು ಸಮಯ ಒಂದು ಸಿಕ್ಕಿಕೊಂಡ ಟಿ-ಶರ್ಟಿನಲ್ಲೋ ಕಾಣೆಯಾದ ಕಾಲುಚೀಲದಲ್ಲೋ ಹೋಗಿಬಿಡಬಹುದು. ಗಡುವಿನೊಳಗೆ ಮುಗಿಸಿದರೆ ಸಾಕು ಎನ್ನುವವರಿಗೇ ಟ್ರಾನ್ಸಿಷನ್ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಪ್ರತಿಕ್ರಿಯೆ (ಇಂಗ್ಲೆಂಡಿನಿಂದ)

ನಾನು ಮೂಲತಃ ಶಿವಮೊಗ್ಗದವನು, ಈಗ ಇಂಗ್ಲೆಂಡಿನ ಉತ್ತರ ಭಾಗದಲ್ಲಿದ್ದೇನೆ. ನೀವು ಓದಿದ ವೆಟ್‌ಸೂಟ್ ಪುರಾಣಗಳೆಲ್ಲ ನಮ್ಮಂಥವರಿಗಾಗಿ ಬರೆದವು. ಇಲ್ಲಿನ ಸರೋವರಗಳಲ್ಲಿ ಬೇಸಿಗೆಯಲ್ಲೂ ನೀರು ಕೊರೆಯುತ್ತದೆ, ಹೊರಬಂದಾಗ ಬೆರಳುಗಳಿಗೆ ಸ್ಪರ್ಶವೇ ಇರುವುದಿಲ್ಲ, ಹಾಗಾಗಿ ನಮ್ಮ ಟಿ-1ರ ಬಹುಪಾಲು ಸಮಯ ವೆಟ್‌ಸೂಟಿನ ಹಿಮ್ಮಡಿ ಬಿಡಿಸುವುದರಲ್ಲೇ ಹೋಗುತ್ತದೆ. ಕರಾವಳಿಯ ಸ್ಪರ್ಧಿಗಳಿಗೆ ಆ ಕಷ್ಟವಿಲ್ಲ. ಆದರೆ ಬಿಸಿಲು, ಬೆವರು ಅಲ್ಲಿನ ಕಷ್ಟ, ಅದನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಸನ್‌ಸ್ಕ್ರೀನ್ ಹಚ್ಚುವ ಕೆಲಸವನ್ನು ಟ್ರಾನ್ಸಿಷನ್ನಿಗೆ ಉಳಿಸಿಕೊಳ್ಳಬೇಡಿ. ನೀರಿಗೆ ತಡೆದುಕೊಳ್ಳುವಂಥದ್ದನ್ನು ಈಜಿಗೆ ಅರ್ಧ ಗಂಟೆ ಮುಂಚೆಯೇ ಹಚ್ಚಿ, ಆದರೆ ಹಣೆಗೂ ಕಣ್ಣಿನ ಸುತ್ತಲೂ ಹಚ್ಚಿದರೆ ಗಾಗಲ್ಸ್ ಜಾರುತ್ತದೆ, ಬೆವರಿನೊಂದಿಗೆ ಇಳಿದು ಕಣ್ಣೂ ಉರಿಯುತ್ತದೆ. ಹಾಗೆಯೇ ನೀರು ಕುಡಿಯಲು, ಏನಾದರೂ ತಿನ್ನಲು ಟ್ರಾನ್ಸಿಷನ್ನಿನಲ್ಲಿ ನಿಲ್ಲಬೇಡಿ. ಓಆರ್‌ಎಸ್ ಬೆರೆಸಿದ ಬಾಟಲಿ ಸೈಕಲ್ಲಿನಲ್ಲೇ ಇರಲಿ, ಉಸಿರು ಹತೋಟಿಗೆ ಬಂದ ಮೇಲೆ, ಅಂದರೆ ಮೊದಲ ಐದು ನಿಮಿಷ ತುಳಿದ ಮೇಲೆ ಗುಟುಕರಿಸಬಹುದು. ಸೈಕಲ್ ಹಿಂದಿನ ದಿನವೇ ಒಳಗಿಡಬೇಕಾದ ಸ್ಪರ್ಧೆಯಾದರೆ ಬಿಸಿಲಿನಲ್ಲಿ ನಿಲ್ಲುವ ಚಕ್ರದ ಗಾಳಿಯನ್ನು ಸ್ವಲ್ಪ ಇಳಿಸಿ, ಸ್ಪರ್ಧೆಯ ಬೆಳಿಗ್ಗೆ ಪಂಪಿನಿಂದ ಮತ್ತೆ ತುಂಬಿಸಿಕೊಳ್ಳಿ.

ಮೊದಲ ಪ್ರತಿಕ್ರಿಯೆ ಬರೆದವರಿಂದ (ಮಂಗಳೂರಿನಿಂದ)

ಹುಬ್ಬಳ್ಳಿಯವರು ಕಾಲುಚೀಲದ ಬಗ್ಗೆ ಹೇಳಿದ್ದನ್ನು ಡಾಂಬರು ರಸ್ತೆಯ ಮಟ್ಟಿಗೆ ಒಪ್ಪುತ್ತೇನೆ, ಕಡಲತೀರಕ್ಕೆ ಒಪ್ಪಲಾರೆ. ಬರಿಗಾಲಿಗೆ ವ್ಯಾಸಲೀನ್ ಸವರಿದ ಶೂವಿನೊಳಗೆ ಮರಳು ಸೇರಿದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ಕೊಡವಿದರೂ ಬೀಳುವುದಿಲ್ಲ. ಸಾಧ್ಯವಾದರೆ ಹಿಂದಿನ ದಿನ ಹೋಗಿ ನೀರಿನಿಂದ ಸೈಕಲ್ ಆವರಣದವರೆಗಿನ ದಾರಿಯನ್ನು ನೋಡಿ ಬನ್ನಿ. ಕೆಲವೆಡೆ ಮರಳಿನ ಮೇಲೆ ಚಾಪೆ ಹಾಸಿ, ಕೊನೆಯಲ್ಲಿ ಕಾಲು ತೊಳೆಯಲು ನೀರಿನ ತೊಟ್ಟಿ ಇಟ್ಟಿರುತ್ತಾರೆ. ಅಂಥ ವ್ಯವಸ್ಥೆಯಿದ್ದರೆ ಅವರ ಮಾತಿನಂತೆ ಕಾಲುಚೀಲ ಬಿಡಬಹುದು. ಇಲ್ಲದಿದ್ದರೆ ಬಾಟಲಿ, ಟವೆಲ್, ಪೌಡರ್ ಹಾಕಿದ ಕಾಲುಚೀಲ, ಈ ಮೂರನ್ನೂ ಬಿಡಬೇಡಿ. ಎರಡಕ್ಕೂ ಸಿದ್ಧರಾಗಿ ಹೋಗಿ, ದಾರಿ ನೋಡಿದ ಮೇಲೆ ಆ ಸಂಜೆಯೇ ಒಂದನ್ನು ಆರಿಸಿಕೊಳ್ಳಿ.

ಕನ್ನಡಕಕ್ಕೆ ಹಿಂಬದಿಯಿಂದ ಕಟ್ಟುವ ಒಂದು ದಾರವನ್ನೂ ಕೊಂಡುಕೊಳ್ಳಿ ಮೇಡಂ. ಬೆವರಿದ ಮೂಗಿನ ಮೇಲೆ ಅದು ಜಾರುವುದು ಖಚಿತ, ಸೈಕಲ್ ಮೇಲೆ ಒಂದು ಕೈ ಬಿಟ್ಟು ಅದನ್ನು ಮತ್ತೆ ಮತ್ತೆ ಮೇಲೇರಿಸುತ್ತ ಹೋಗುವುದು ಅಪಾಯ. ದಾರವನ್ನು ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕದಂತೆ ಹಾಕುವುದನ್ನು ಪಾರ್ಕಿಂಗ್ ಜಾಗದ ಅಭ್ಯಾಸದಲ್ಲೇ ಸೇರಿಸಿಕೊಂಡುಬಿಡಿ.